ಕಿತ್ತುಹೋದ ಬಿಲ್ಲೆಗೆ ಬೆಸುಗೆ



ಕನ್ನಡ ಮೇಷ್ಟರು ಸಂಧಿ ಸಮಾಸಗಳನ್ನು ಬಿಟ್ಟು ಡ್ರೋನ್ ರಿಪೇರಿಯ ಪಾಠಕ್ಕೆ ಏಕೆ ಕೈಹಾಕಿದರು ಎಂದು ನಿಮಗೆ ಆಶ್ಚರ್ಯವಾಗಬಹುದು. ಅದಕ್ಕೆ ಕಾರಣ ಒಂದು ಮನವಿ ಪತ್ರ. ಕಳೆದ ವರ್ಷ ಒಂಬತ್ತನೆಯ ತರಗತಿಯ ಮೂವರು ಹುಡುಗರು ಒಂದು ಕಂಪಾಸ್ ಪೆಟ್ಟಿಗೆಯನ್ನು ತಂದು ನಮ್ಮ ಮೇಜಿನ ಮೇಲಿಟ್ಟರು. ಒಳಗೆ ಹತ್ತಿಯ ಮೇಲೆ ಬಿಸ್ಕತ್ತಿನ ಗಾತ್ರದ ಒಂದು ಕಪ್ಪು ಹಲಗೆ ಮಲಗಿತ್ತು. ಡ್ರೋನಿನ ಹಾರಾಟ ನಿಯಂತ್ರಕವೆಂದರೆ ಅದೇ. ಎರಡು ದೀಪಾವಳಿಯ ಕೈಕಾಸನ್ನು ಕೂಡಿಸಿಟ್ಟು, ಬೆಂಗಳೂರಿನ ಎಸ್. ಪಿ. ರಸ್ತೆಗೆ ಹೋಗಿ ಬಿಡಿಭಾಗಗಳನ್ನು ತಂದು, ಮೂವರೂ ಸೇರಿ ಡ್ರೋನನ್ನು ಜೋಡಿಸಿದ್ದರು. ಹಾರುವ ಮೊದಲೇ ಒಂದು ತಂತಿಯನ್ನು ಬದಲಾಯಿಸಲು ಹೋಗಿ ಅದನ್ನು ಎಳೆದಿದ್ದರು. ತಂತಿಯೊಡನೆ ಹಲಗೆಯ ಮೇಲಿನ ತಾಮ್ರದ ಬಿಲ್ಲೆಯೂ ಕಿತ್ತುಬಂದಿತ್ತು. ಅಂಗಡಿಯವರೊಬ್ಬರಿಗೆ ತೋರಿಸಿದರೆ, "ಇದು ಮುಗಿಯಿತು, ಹೊಸದು ತೆಗೆದುಕೊಳ್ಳಿ" ಎಂದರಂತೆ. ಹೊಸದಕ್ಕೆ ಮೂರು ನಾಲ್ಕು ಸಾವಿರ ರೂಪಾಯಿ. ಆದುದರಿಂದ ಶಾಲೆಯಿಂದ ಹಣ ಕೊಡಿಸುವಂತೆ ಮುಖ್ಯೋಪಾಧ್ಯಾಯರಿಗೆ ಒಂದು ಮನವಿ ಬರೆದುಕೊಡಬೇಕು ಎಂಬುದು ಅವರ ಕೋರಿಕೆ.

ನಾವು ಮನವಿ ಬರೆಯಲಿಲ್ಲ. ಶಿಕ್ಷಕ ತರಬೇತಿಯ ಕಾಲದಲ್ಲಿ ಸಂಜೆಯ ಹೊತ್ತು ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕುಳಿತು ಕೈಗೆ ಸಾಕಷ್ಟು ಸುಟ್ಟ ಕಲೆಗಳನ್ನು ಮಾಡಿಕೊಂಡವರು ನಾವು. ಕಿತ್ತುಹೋದ ಬಿಲ್ಲೆ ಎಂದರೆ ಸತ್ತ ಹಲಗೆ ಎಂದು ಅರ್ಥವಲ್ಲ ಎಂಬಷ್ಟು ಅಲ್ಲಿ ಕಲಿತಿದ್ದೆವು. ಬಿಲ್ಲೆ ಹೋದರೂ ಅದಕ್ಕೆ ಬಂದು ಸೇರುವ ತಾಮ್ರದ ಜಾಡು ಹಲಗೆಯಲ್ಲಿ ಬಹುಮಟ್ಟಿಗೆ ಉಳಿದೇ ಇರುತ್ತದೆ. ಅದನ್ನು ಹುಡುಕಿ ಹಿಡಿಯುವುದೇ ಈ ವಿದ್ಯೆ.

ಮೊದಲು ಬಿಲ್ಲೆ ಏಕೆ ಕಿತ್ತು ಬರುತ್ತದೆ ಎಂಬುದನ್ನು ತಿಳಿಯತಕ್ಕದ್ದು. ಹಲಗೆ ಎಂಬುದು ಗಾಜಿನ ನೂಲಿನ ಬಟ್ಟೆಯನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ಅದ್ದಿ ಗಟ್ಟಿ ಮಾಡಿದ ತಗಡು. ಅದರ ಮೇಲೆ ತಾಮ್ರದ ತೆಳು ಹಾಳೆಯನ್ನು ಅಂಟಿಸಿ, ಬೇಡದ ಭಾಗವನ್ನು ರಾಸಾಯನಿಕದಿಂದ ಕರಗಿಸಿ ತೆಗೆದರೆ ಜಾಡುಗಳೂ ಬಿಲ್ಲೆಗಳೂ ಉಳಿಯುತ್ತವೆ. ಸಾಮಾನ್ಯವಾಗಿ ಈ ತಾಮ್ರದ ದಪ್ಪ 35 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪದ ಅರ್ಧದಷ್ಟು. ಅದನ್ನು ಹಿಡಿದಿರುವುದು ಅಂಟು ಮಾತ್ರ, ಮೊಳೆಯಿಲ್ಲ, ತಿರುಪಿಲ್ಲ. ಸಾಧಾರಣ ಹಲಗೆಯ ಅಂಟು ಸುಮಾರು 130ರಿಂದ 140 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಿಗಿ ಬಿಟ್ಟು ಮೆತ್ತಗಾಗುತ್ತದೆ. ಬೆಸುಗೆಯ ಲೋಹವಾದರೋ, ನೂರರಲ್ಲಿ 63 ಪಾಲು ತವರ, 37 ಪಾಲು ಸೀಸ ಸೇರಿದ್ದು, ಕರಗುವುದು 183 ಡಿಗ್ರಿಯಲ್ಲಿ. ಸೀಸವಿಲ್ಲದ ಬೆಸುಗೆಗೆ 217 ಡಿಗ್ರಿಯಾದರೂ ಬೇಕು. ಕಾರ್ಖಾನೆಯಿಂದ ಬರುವ ಹಲಗೆಗಳಲ್ಲಿ ಇರುವುದು ಹೆಚ್ಚಾಗಿ ಈ ಎರಡನೆಯದೇ.

ಈ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿರಿ. ಬೆಸುಗೆ ಕರಗುವ ಹೊತ್ತಿಗೆ ಬಿಲ್ಲೆಯ ಕೆಳಗಿನ ಅಂಟು ಆಗಲೇ ಮೆತ್ತಗಾಗಿರುತ್ತದೆ! ಎಂದರೆ ಬೆಸುಗೆ ಹಾಕುವ ಪ್ರತಿ ಸಲವೂ ಬಿಲ್ಲೆ ಬಲಹೀನ ಸ್ಥಿತಿಯಲ್ಲಿಯೇ ಇರುತ್ತದೆ. ಆ ಗಳಿಗೆಯಲ್ಲಿ ಕಡ್ಡಿಯಿಂದ ಒತ್ತಿದರೆ, ಕೆರೆದರೆ, ಇಲ್ಲವೆ ಬೆಸುಗೆ ಪೂರ್ತಿ ಕರಗುವ ಮುನ್ನವೇ ತಂತಿಯನ್ನು ಎಳೆದರೆ, ಕಿತ್ತುಬರುವುದು ಬೆಸುಗೆಯಲ್ಲ, ಅಂಟು. ನಮ್ಮ ಹುಡುಗರು ಮಾಡಿದ್ದು ಇದನ್ನೇ. ಕಡ್ಡಿಯ ಕಾವು ಸಾಲದಾಗಿದ್ದಾಗ ಕೈಯ ಬಲವನ್ನು ಸೇರಿಸಿದ್ದರು.

ಇಲ್ಲಿ ಕನ್ನಡ ಮೇಷ್ಟರ ಒಂದು ಮಾತನ್ನು ಕೇಳಿರಿ. ಬೆಸೆ ಎಂಬ ಕ್ರಿಯೆಯಿಂದ ಬೆಸುಗೆ ಎಂಬ ನಾಮಪದ ಬಂದಿದೆ. ನಮ್ಮ ಹೊಸೂರಿನ ಕಡೆ ಒಂದೇ ಬೀದಿಯಲ್ಲಿ ಕನ್ನಡದವರು ಬೆಸುಗೆ ಎಂದರೆ, ತೆಲುಗಿನವರು ಅತುಕು ಎನ್ನುತ್ತಾರೆ. ತಮಿಳಿನಲ್ಲಿ ಬೆಸುಗೆಯ ಲೋಹಕ್ಕೆ ಪಟ್ರಾಸು ಎಂಬ ಹಳೆಯ ಹೆಸರುಂಟು. ಹುಡುಗರು ಮಾತ್ರ ಮೂರನ್ನೂ ಬಿಟ್ಟು ಸೋಲ್ಡ್ರಿಂಗ್ ಎನ್ನುತ್ತಾರೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಕಲಾಯಿ ಎಂಬ ಪದವನ್ನು ಮರೆತರೆ ನಷ್ಟ ಅವರಿಗೇ. ಹಿಂದೆ ಕಲಾಯಿಯವನು ಮನೆಯ ಮುಂದೆ ತಿದಿಯೊತ್ತಿ ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವುದನ್ನು ನಿಮ್ಮ ಅಜ್ಜಿಯರು ಕಂಡಿದ್ದಾರೆ. ಅವನು ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯನ್ನು ಹಾಕಿ ಹತ್ತಿಯಿಂದ ಉಜ್ಜುತ್ತಿದ್ದ. ಬಿಳಿಯ ಹೊಗೆ ಏಳುತ್ತಿತ್ತು. ಲೋಹದ ಮೇಲಿನ ಕಿಲುಬನ್ನು ನವಸಾಗರ ತಿಂದುಹಾಕಿದರೆ ಮಾತ್ರ ತವರ ಅಂಟುತ್ತದೆ. ಡ್ರೋನಿನ ಹಲಗೆಯಲ್ಲಿ ಈ ಕೆಲಸವನ್ನು ರಾಳ ಮಾಡುತ್ತದೆ. ನವಸಾಗರವನ್ನಾಗಲಿ, ಕೊಳಾಯಿ ಕೆಲಸದ ಆಮ್ಲವನ್ನಾಗಲಿ ಹಲಗೆಯ ಹತ್ತಿರ ತರಲೇ ಕೂಡದು; ಅವು ಉಳಿದು ತಾಮ್ರವನ್ನು ತಿನ್ನುತ್ತಾ ಹೋಗುತ್ತವೆ. ಆದರೆ ಕ್ರಮ ಒಂದೇ. ತಂತಿಯ ತುದಿಗೆ ಮೊದಲು ಕಲಾಯಿ, ಬಿಲ್ಲೆಗೆ ಕಲಾಯಿ, ಆಮೇಲೆ ಎರಡನ್ನೂ ಕೂಡಿಸಿ ಎರಡು ಮೂರು ಸೆಕೆಂಡಿನ ಕಾವು. ಹೀಗೆ ಮಾಡಿದರೆ ಒತ್ತುವ ಅಗತ್ಯವೇ ಬೀಳದು.

ಕಡ್ಡಿಯ ಕಾವು ಎಷ್ಟಿರಬೇಕು ಎಂದು ಎಲ್ಲರೂ ಕೇಳುತ್ತಾರೆ. ಚಿಕ್ಕ ಬಿಲ್ಲೆಗಳಿಗೆ 320ರಿಂದ 350 ಡಿಗ್ರಿ ಸಾಕು. ಬ್ಯಾಟರಿಯ ದಪ್ಪ ತಂತಿಗೆ 400ರ ಹತ್ತಿರ ಬೇಕಾಗಬಹುದು. ಆದರೆ ಅಂಕಿಗಿಂತ ಮುಖ್ಯವಾದುದು ಕಡ್ಡಿಯ ಮೊನೆಯ ಗಾತ್ರ. ಸೂಜಿಯಂತಹ ಮೊನೆಯಿಂದ ದೊಡ್ಡ ಬಿಲ್ಲೆಯನ್ನು ಕಾಯಿಸಹೋದವನು ಅರ್ಧ ನಿಮಿಷ ಹಿಡಿದೇ ಇರುತ್ತಾನೆ. ಅಷ್ಟರಲ್ಲಿ ಅಂಟು ಬೆಂದುಹೋಗುತ್ತದೆ. ಅಗಲವಾದ ಮೊನೆ ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಸಿ ಹಿಂದೆ ಸರಿಯುತ್ತದೆ. ಹಳೆಯ ಬೆಸುಗೆಯನ್ನು ತೆಗೆಯಬೇಕಾದರೆ ಅದರ ಮೇಲೆ ಸ್ವಲ್ಪ ಹೊಸ ಸೀಸದ ಬೆಸುಗೆಯನ್ನೂ ರಾಳವನ್ನೂ ಸೇರಿಸಿರಿ. ಎರಡೂ ಬೆರೆತು ಕಡಿಮೆ ಕಾವಿಗೇ ಕರಗುತ್ತದೆ. ಬೆಸುಗೆ ಹೀರುವ ತಾಮ್ರದ ಜಡೆಯನ್ನು ಬಳಸುವವರು ಕಡ್ಡಿಯನ್ನೂ ಜಡೆಯನ್ನೂ ಒಟ್ಟಿಗೇ ಮೇಲೆತ್ತತಕ್ಕದ್ದು. ಕಡ್ಡಿಯನ್ನು ಮೊದಲು ತೆಗೆದರೆ ಜಡೆ ತಣಿದು ಬಿಲ್ಲೆಗೆ ಅಂಟಿಕೊಳ್ಳುತ್ತದೆ. ಎಳೆದರೆ ಬಿಲ್ಲೆ ಹೋಯಿತೆಂದೇ ಲೆಕ್ಕ.

ಇನ್ನು ಕೊಂಡಿಗಳ, ಎಂದರೆ ಕನೆಕ್ಟರುಗಳ ಮಾತು. ಚಿಕ್ಕ ಹಲಗೆಗಳ ಮೇಲೆ ಇರುವ ಬಿಳಿಯ ಕೊಂಡಿಗಳಲ್ಲಿ ಒಂದು ಕಾಲಿಗೂ ಇನ್ನೊಂದಕ್ಕೂ ನಡುವೆ ಒಂದೇ ಮಿಲಿಮೀಟರು. ಇವನ್ನು ತಂತಿ ಹಿಡಿದು ಎಳೆದು ಬಿಡಿಸುವುದು ಎಲ್ಲರೂ ಮಾಡುವ ತಪ್ಪು. ಕೊಂಡಿಯ ಎರಡು ಭುಜಗಳಿಗೂ ಉಗುರಿನಿಂದಲೋ ಚಿಮುಟದಿಂದಲೋ ಆನಿಸಿ, ಈ ಕಡೆ ಒಮ್ಮೆ ಆ ಕಡೆ ಒಮ್ಮೆ ಸರಿಸುತ್ತಾ ಹೊರಕ್ಕೆ ತರಬೇಕು. ಕೊಂಡಿಯೇ ಕಿತ್ತುಬಂದರೂ ಕಾಲುಗಳ ಬಿಲ್ಲೆ ಉಳಿದಿದ್ದರೆ ಹೊಸ ಕೊಂಡಿಯನ್ನು ಹುಡುಕಿ ಅಲೆಯಬೇಕಾಗಿಲ್ಲ. ತಂತಿಗಳನ್ನು ನೇರವಾಗಿ ಆ ಬಿಲ್ಲೆಗಳಿಗೇ ಬೆಸೆದು, ಮೇಲೆ ಒಂದು ತೊಟ್ಟು ಅಂಟು ಹಾಕಿದರೆ ಮೊದಲಿಗಿಂತಲೂ ಗಟ್ಟಿಯಾದೀತು. ಬ್ಯಾಟರಿಯ ಹಳದಿ ಕೊಂಡಿ, ಎಕ್ಸ್‌ಟಿ60 ಎಂಬುದು, ನೈಲಾನಿನದು. ಬೆಸುಗೆಯ ಕಾವಿಗೆ ಮೆತ್ತಗಾಗಿ ಒಳಗಿನ ಕಡ್ಡಿಗಳು ಓರೆಯಾಗುತ್ತವೆ. ಅದಕ್ಕೆ ಜೊತೆಯ ಕೊಂಡಿಯನ್ನು ಸಿಕ್ಕಿಸಿಟ್ಟುಕೊಂಡೇ ಬೆಸುಗೆ ಹಾಕುವುದು ಜಾಣತನ. ಆಂಟೆನಾದ ಗುಂಡನೆಯ ಪುಟ್ಟ ಕೊಂಡಿಯನ್ನಂತೂ ತಯಾರಕರೇ ಸುಮಾರು 30 ಸಲ ಹಾಕಿ ತೆಗೆಯುವುದಕ್ಕಷ್ಟೇ ಲೆಕ್ಕ ಹಾಕಿ ಮಾಡಿರುತ್ತಾರೆ. ನೋಡುವ ಕುತೂಹಲಕ್ಕೆ ದಿನಕ್ಕೆರಡು ಬಾರಿ ಬಿಚ್ಚುವವರು ಇದನ್ನು ನೆನಪಿಡಬೇಕು. ಆಂಟೆನಾ ಇಲ್ಲದೆ ವಿಡಿಯೋ ಪ್ರಸಾರಕಕ್ಕೆ ವಿದ್ಯುತ್ತು ಕೊಡಲೂ ಕೂಡದು. ಹೊರಹೋಗಬೇಕಾದ ಶಕ್ತಿ ಒಳಗೇ ಹಿಂದಿರುಗಿ ಅದನ್ನು ಸುಡಬಹುದು.

ಈಗ ನಮ್ಮ ಹುಡುಗರ ಹಲಗೆಗೆ ಬರೋಣ. ಹೋಗಿದ್ದುದು ಆರ್2 ಎಂದು ಬರೆದಿದ್ದ ಬಿಲ್ಲೆ. ರೇಡಿಯೋ ಗ್ರಾಹಕದಿಂದ ಬರುವ ಸಂಕೇತ ಆ ಬಿಲ್ಲೆಯ ಮೂಲಕ ಮುಖ್ಯ ಚಿಪ್ಪಿಗೆ ಹೋಗಬೇಕು. ವಿಜ್ಞಾನ ಕೋಣೆಯಿಂದ ಭೂತಕನ್ನಡಿಯನ್ನೂ ಮಲ್ಟಿಮೀಟರನ್ನೂ ತರಿಸಿದೆವು. ಬಿಲ್ಲೆ ಇದ್ದ ಜಾಗದಲ್ಲಿ ಬೋಳು ಕಲೆ. ಅದರ ಅಂಚಿನಿಂದ ಕಪ್ಪು ಬಣ್ಣದ ಲೇಪದ ಕೆಳಗೆ ಒಂದು ಸಣ್ಣ ಏರು ಗೆರೆಯಂತೆ ಹೋಗಿ ಒಂದು ಪುಟ್ಟ ಪ್ರತಿರೋಧಕವನ್ನು ಮುಟ್ಟಿತ್ತು. ಅದೇ ಜಾಡು. ಬ್ಲೇಡಿನಿಂದ ಲೇಪವನ್ನು ಎರಡು ಮಿಲಿಮೀಟರಿನಷ್ಟು ಮೆಲ್ಲನೆ ಕೆರೆದಾಗ ತಾಮ್ರ ಹೊಳೆಯಿತು. ಹಳೆಯ ರಿಲೇಯೊಂದರ ಸುರುಳಿಯಿಂದ ಕೂದಲಿನಂತಹ ಎನಾಮಲ್ ತಂತಿಯನ್ನು ತೆಗೆದು, ತುದಿಯ ಎನಾಮಲನ್ನು ಕೆರೆದು, ಕಲಾಯಿ ಹಾಕಿ, ಜಾಡಿನ ಮೇಲೆ ಉದ್ದಕ್ಕೆ ಮಲಗಿಸಿ ಬೆಸೆಯಬೇಕು. ಆಮೇಲೆ ಎಪಾಕ್ಸಿಯಿಂದಲೋ ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಲೇಪದಿಂದಲೋ ಅದನ್ನು ಹಲಗೆಗೆ ಅಂಟಿಸಬೇಕು. ಇಲ್ಲವಾದರೆ ತಂತಿಯ ಒಂದು ಅಲುಗಾಟಕ್ಕೆ ಉಳಿದ ಜಾಡೂ ಎದ್ದುಬರುತ್ತದೆ. ಪುಸ್ತಕದ ಕ್ರಮ ಇದು.

ನಾವು ಮಾಡಿದ್ದೇನು? ಹುಡುಗರು ಸುತ್ತ ನಿಂತು ನೋಡುತ್ತಿದ್ದಾರೆಂಬ ಹುರುಪಿನಲ್ಲಿ ಕಡ್ಡಿಯನ್ನು ಎಂಟು ಹತ್ತು ಸೆಕೆಂಡು ಹಿಡಿದೆವು. ನಲವತ್ತು ದಾಟಿದ ಕಣ್ಣು ಬೇರೆ. ಕಡ್ಡಿಯನ್ನು ಎತ್ತಿದಾಗ ಅದರ ತುದಿಯಲ್ಲಿ ಜಾಡಿನ ತುಂಡು ಅಂಟಿಕೊಂಡು ಬಂದಿತ್ತು! ಒಬ್ಬ ಹುಡುಗ ನಕ್ಕ. ಇನ್ನೊಬ್ಬ, ಹಲಗೆಯ ಮುಖ್ಯ ಪಾಲುದಾರ, ಅವನ ತಂದೆ ಬಾಗಲೂರಿನ ಕಡೆ ಗುಲಾಬಿ ತೋಟದಲ್ಲಿ ಕೂಲಿ ಮಾಡುವವರು, ಸುಮ್ಮನೆ ಕಿಟಕಿಯ ಕಡೆ ತಿರುಗಿದ. ಆ ದಿನ ನಮಗೆ ಮನೆಯಲ್ಲಿ ಊಟ ರುಚಿಸಲಿಲ್ಲ.

ಮರುದಿನ ಶಾಂತವಾಗಿ ಯೋಚಿಸಿದೆವು. ಪ್ರತಿರೋಧಕದ ಕಾಲಿಗೇ ತಂತಿಯನ್ನು ಬೆಸೆಯಬಹುದಿತ್ತು. ಅದು ಎರಡನೆಯ ಉಪಾಯ: ಒಂದು ಜಾಡಿಗೆ ಸೇರಿದ ಎಲ್ಲ ಜಾಗಗಳೂ ವಿದ್ಯುತ್ತಿನ ಕಣ್ಣಿಗೆ ಒಂದೇ. ಬಿಲ್ಲೆ ಹೋದರೆ ಆ ಜಾಡಿನ ಪ್ರತಿರೋಧಕದ ಕಾಲೋ, ಪದರದಿಂದ ಪದರಕ್ಕೆ ಇಳಿಯುವ ತಾಮ್ರದ ತೂತೋ, ಪರೀಕ್ಷೆಗೆಂದು ಬಿಟ್ಟ ಚುಕ್ಕೆಯೋ ಎಲ್ಲಿಯಾದರೂ ಸಿಕ್ಕೀತು. ನೆಲದ ಬಿಲ್ಲೆ, ಜಿಎನ್‌ಡಿ ಎಂದು ಬರೆದಿರುತ್ತದಲ್ಲ, ಅದು ಹೋದರೆ ಚಿಂತೆಯೇ ಬೇಡ. ಹಲಗೆಯಲ್ಲಿ ಇನ್ನೂ ಹತ್ತು ಕಡೆ ನೆಲವುಂಟು. ಆದರೆ ಆ ಪ್ರತಿರೋಧಕ ಸಾಸಿವೆ ಕಾಳಿಗಿಂತ ಚಿಕ್ಕದು. ನಮ್ಮ ಕೈ ನಮಗೆ ಗೊತ್ತಾಗಿತ್ತು. ಆದುದರಿಂದ ಮೂರನೆಯ ಉಪಾಯಕ್ಕೆ ಹೋದೆವು. ಇದಕ್ಕೆ ಬ್ಲೇಡೂ ಬೇಡ, ಭೂತಕನ್ನಡಿಯೂ ಬೇಡ.

ಹಲಗೆಯ ಮುಖ್ಯ ಚಿಪ್ಪು ಎಸ್‌ಟಿಎಂ32ಎಫ್405. ಅದರಲ್ಲಿ ಹೊರಗಿನ ಉಪಕರಣಗಳೊಡನೆ ಮಾತಾಡುವ ಸೀರಿಯಲ್ ದ್ವಾರಗಳು ಆರು. ಎರಡನೆಯ ದ್ವಾರದ ಬಾಗಿಲು ಮುರಿದಿದ್ದರೆ ಮೂರನೆಯದರಲ್ಲಿ ಒಳಹೋಗಬಹುದಲ್ಲವೆ? ಆರ್3 ಬಿಲ್ಲೆ ಖಾಲಿಯಿತ್ತು. ಗ್ರಾಹಕದ ಸಂಕೇತದ ತಂತಿಯನ್ನು ಅಲ್ಲಿಗೆ ಬೆಸೆದು, ಬೀಟಾಫ್ಲೈಟ್ ಎಂಬ ತಂತ್ರಾಂಶದಲ್ಲಿ ಪೋರ್ಟುಗಳ ಪುಟವನ್ನು ತೆರೆದು, ಗ್ರಾಹಕದ ಗುರುತನ್ನು ಎರಡನೆಯ ಸಾಲಿನಿಂದ ತೆಗೆದು ಮೂರನೆಯ ಸಾಲಿಗೆ ಹಾಕಿದೆವು. ಈ ಬೆಸುಗೆಯನ್ನು ಹಾಕಿದ್ದು ನಾವಲ್ಲ, ಕಿಟಕಿಯ ಕಡೆ ತಿರುಗಿದ್ದ ಹುಡುಗ. ಮೂರೇ ಸೆಕೆಂಡು. ಯುಎಸ್‌ಬಿ ತಂತಿಯಿಂದ ಗಣಕಕ್ಕೆ ಜೋಡಿಸಿ ಕೈಯಲ್ಲಿದ್ದ ಪ್ರೇಷಕದ ಕೋಲನ್ನು ಆಡಿಸಿದಾಗ ಪರದೆಯ ಮೇಲಿನ ಪಟ್ಟಿಗಳೂ ಆಡಿದವು.

ಇದಿಷ್ಟು ಸಂಕೇತದ ಬಿಲ್ಲೆಗಳ ಕತೆ. ಅವುಗಳಲ್ಲಿ ಹರಿಯುವ ವಿದ್ಯುತ್ತು ಅತ್ಯಲ್ಪ. ಕೂದಲಿನಂತಹ ತಂತಿಯೂ ಅದನ್ನು ಹೊರುತ್ತದೆ. ಬ್ಯಾಟರಿಯ ಬಿಲ್ಲೆಯ ಮಾತು ಬೇರೆ, ಇದನ್ನು ಒತ್ತಿ ಹೇಳಬೇಕಾಗಿದೆ. ನಾಲ್ಕು ಕೋಶಗಳ ಲಿಥಿಯಂ ಪಾಲಿಮರ್ ಬ್ಯಾಟರಿ ಪೂರ್ತಿ ತುಂಬಿದಾಗ 16.8 ವೋಲ್ಟು. ಐದಂಗುಲದ ರೆಕ್ಕೆಯ ಡ್ರೋನು ಮೇಲೆ ಜಿಗಿಯುವಾಗ 100 ಆಂಪಿಯರಿನವರೆಗೂ ಎಳೆಯಬಲ್ಲುದು. ಅಷ್ಟು ವಿದ್ಯುತ್ತು ವೇಗ ನಿಯಂತ್ರಕದ ಎರಡು ದೊಡ್ಡ ಬಿಲ್ಲೆಗಳಲ್ಲಿಯೂ ಅವುಗಳ ಕೆಳಗೆ ಪದರಗಳನ್ನು ಹೊಲಿದಂತಿರುವ ಹತ್ತಾರು ತೂತುಗಳಲ್ಲಿಯೂ ಹರಿಯತಕ್ಕದ್ದು. ನಮ್ಮ ಹುಡುಗರು ಎರಡು ತಿಂಗಳ ಬಳಿಕ ಡ್ರೋನನ್ನು ಬೇವಿನ ಮರಕ್ಕೆ ಹೊಡೆದಾಗ ಬ್ಯಾಟರಿಯ ತಂತಿ ಬಿಲ್ಲೆಯನ್ನು ಕಿತ್ತುಕೊಂಡೇ ಹೋಗಿತ್ತು. "ಸಾರ್, ಜಾಡು ಉಳಿದಿದೆ, ನೀವೇ ಹೇಳಿಕೊಟ್ಟಿದ್ದೀರಿ" ಎಂದು ಬಂದರು. ಜಾಡು ಉಳಿದಿದ್ದುದು ನಿಜ. ಅವರು ಬೆಸೆದೂ ಬಿಟ್ಟಿದ್ದರು; ಮೋಟಾರುಗಳು ತಿರುಗುತ್ತಲೂ ಇದ್ದವು. ಆದರೂ ನಾವು ಒಪ್ಪಲಿಲ್ಲ.

ಮೇಜಿನ ಮೇಲೆ ತಿರುಗುವುದಕ್ಕೂ ಆಕಾಶದಲ್ಲಿ ತಿರುಗುವುದಕ್ಕೂ ಅಂತರವುಂಟು. ಉಳಿದ ಅಂಗುಲಾಂಶ ತಾಮ್ರದಲ್ಲಿ ಅಷ್ಟು ವಿದ್ಯುತ್ತು ಹರಿದರೆ ಅದು ಕಾಯುತ್ತದೆ, ಅಂಟು ಮೆತ್ತಗಾಗುತ್ತದೆ, ನಡುಕಕ್ಕೆ ಬಿಡುತ್ತದೆ. ಬಿಟ್ಟ ಗಳಿಗೆಯಲ್ಲಿ ಅರ್ಧ ಕಿಲೋ ತೂಕದ ವಸ್ತು ಯಾರ ತಲೆಯ ಮೇಲಿರುತ್ತದೆಂದು ಯಾರು ಬಲ್ಲರು? ಸಂಕೇತದ ಬಿಲ್ಲೆಯನ್ನು ದುರಸ್ತಿ ಮಾಡಿರಿ. ಬ್ಯಾಟರಿಯ ಬಿಲ್ಲೆ ಬುಡದಿಂದ ಹೋದ ಹಲಗೆಯನ್ನು ಹಾರಿಸಬೇಡಿರಿ. ಹುಡುಗರು ಒಂದು ವಾರ ನಮ್ಮೊಡನೆ ಮಾತಾಡಲಿಲ್ಲ. ಆ ಸಲ ಮನವಿಯನ್ನು ನಾವೇ ಬರೆದೆವು. ಮುಖ್ಯೋಪಾಧ್ಯಾಯರು ಅರ್ಧ ಹಣ ಮಂಜೂರು ಮಾಡಿದರು, ಇನ್ನರ್ಧಕ್ಕೆ ಹುಡುಗರು ರಜೆಯಲ್ಲಿ ದುಡಿದರು.

ಬಿಲ್ಲೆ ಕೀಳದಂತೆ ಮಾಡುವ ಉಪಾಯ ಒಂದೇ ಸಾಲಿನದು: ಎಳೆತ ಬೆಸುಗೆಗೆ ತಲುಪಬಾರದು. ಬ್ಯಾಟರಿಯ ತಂತಿಯನ್ನು ಚೌಕಟ್ಟಿನ ತೋಳಿಗೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಿರಿ, ಸಣ್ಣ ತಂತಿಗಳಿಗೆ ಸ್ವಲ್ಪ ಸಡಿಲ ಬಿಡಿರಿ. ದನದ ಹಗ್ಗವನ್ನು ಗೂಟಕ್ಕೆ ಕಟ್ಟುತ್ತೇವೆಯೇ ಹೊರತು ಮೂಗುದಾರವನ್ನೇ ಗೂಟಕ್ಕೆ ಕಟ್ಟುವುದಿಲ್ಲವಷ್ಟೆ.

ದುರಸ್ತಿಯಾದ ಹಲಗೆಗೆ ಮೊದಲ ಬಾರಿ ಬ್ಯಾಟರಿ ಜೋಡಿಸುವ ಮುನ್ನ ರೆಕ್ಕೆಗಳನ್ನು ಬಿಚ್ಚಿಡತಕ್ಕದ್ದು, ಇದಕ್ಕೆ ವಿನಾಯಿತಿಯಿಲ್ಲ. ಬಳಿಕ ಮಲ್ಟಿಮೀಟರಿನ ಶಬ್ದದ ಗುರುತಿನಲ್ಲಿ ಬ್ಯಾಟರಿಯ ಧನ ಋಣ ಬಿಲ್ಲೆಗಳನ್ನು ಮುಟ್ಟಿಸಿ ನೋಡಿರಿ. ಕ್ಷಣಕಾಲ ಕೂಗಿ ನಿಂತರೆ ಅದು ಸಂಧಾರಕ ತುಂಬುವ ಸದ್ದು, ಭಯವಿಲ್ಲ. ಕೂಗುತ್ತಲೇ ಇದ್ದರೆ ಎಲ್ಲಿಯೋ ಬೆಸುಗೆಯ ಹನಿ ಸೇತುವೆ ಕಟ್ಟಿದೆ. ಆಮೇಲೆ ಬಲ್ಬಿನ ಪರೀಕ್ಷೆ. ಲಾರಿಗಳ 24 ವೋಲ್ಟಿನ 21 ವ್ಯಾಟ್ ಬಲ್ಬು ನಮ್ಮೂರಿನಲ್ಲಿ ಯಾವ ಬಿಡಿಭಾಗದ ಅಂಗಡಿಯಲ್ಲಿಯೂ ಸಿಗುತ್ತದೆ. ಅದನ್ನು ಬ್ಯಾಟರಿಗೂ ಹಲಗೆಗೂ ನಡುವೆ ಸಾಲಾಗಿ ಜೋಡಿಸಿರಿ. ಮಿಣುಕಿ ಆರಿದರೆ ಒಳ್ಳೆಯದು. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಕೂಡಲೆ ತೆಗೆಯಿರಿ. ಹಲಗೆ ಸುಡಬೇಕಾದ ವಿದ್ಯುತ್ತನ್ನು ಬಲ್ಬು ನುಂಗಿಕೊಂಡಿದೆ. ಬ್ಯಾಟರಿಯ ತಂತಿಗಳಿಗೆ ಹೊಸ ಕೊಂಡಿ ಹಾಕುವಾಗ ಒಂದು ಸಲಕ್ಕೆ ಒಂದೇ ತಂತಿಯನ್ನು ಕತ್ತರಿಸಿ ಮುಗಿಸಿರಿ, ಎರಡನ್ನೂ ಒಟ್ಟಿಗೆ ಕತ್ತರಿಯ ಬಾಯಿಗೆ ಕೊಡಬೇಡಿರಿ. ಲಿಥಿಯಂ ಬ್ಯಾಟರಿಯ ಬೆಂಕಿ ನೀವು ಅಡಿಗೆಮನೆಯಲ್ಲಿ ಕಂಡ ಬೆಂಕಿಯಂತಹುದಲ್ಲ. ಕಿಟಕಿ ತೆರೆದಿರಲಿ, ರಾಳದ ಹೊಗೆ ಗಂಟಲಿಗೆ ಕೆಟ್ಟದು. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಬುತ್ತಿ ಬಿಚ್ಚುವವರನ್ನು ನಾವು ಕೋಣೆಯಿಂದ ಹೊರಗೆ ಕಳಿಸುತ್ತೇವೆ.

ಹಾರಿಸುವ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇವೆ. 2021ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರಕಾರ ಡ್ರೋನ್ ನಿಯಮಗಳನ್ನು ಹೊರಡಿಸಿತು. 250 ಗ್ರಾಂ ಮೀರದವು ನ್ಯಾನೋ, ಅಲ್ಲಿಂದ 2 ಕಿಲೋವರೆಗೆ ಮೈಕ್ರೋ. ತಳಿ ರಸ್ತೆಯ ಬೆಳಗೊಂಡಪಳ್ಳಿಯಲ್ಲಿ ವಿಮಾನದ ಓಡುಹಾದಿಯಿರುವುದು ನಿಮಗೆಲ್ಲ ಗೊತ್ತು. ಎಲ್ಲಿ ಹಾರಿಸಬಹುದೆಂದು ಸರಕಾರದ ನಕ್ಷೆಯನ್ನು ಹಿರಿಯರೊಡನೆ ಕುಳಿತು ನೋಡದೆ ಮೈದಾನಕ್ಕೆ ಇಳಿಯಕೂಡದು. 2022ರ ಫೆಬ್ರವರಿಯಲ್ಲಿ ಹೊರದೇಶದ ಸಿದ್ಧ ಡ್ರೋನುಗಳ ಆಮದನ್ನು ಕೆಲವು ವಿನಾಯಿತಿಗಳೊಡನೆ ನಿಷೇಧಿಸಿದರು, ಬಿಡಿಭಾಗಗಳಿಗೆ ತಡೆ ಹಾಕಲಿಲ್ಲ. ಜೋಡಿಸಿ ಆಡುವವರಿಗೆ ಬೆಸುಗೆ ಕಲಿಯದೆ ಗತ್ಯಂತರವಿಲ್ಲ.

ಬ್ಯಾಟರಿಯ ಬಿಲ್ಲೆ ಕಿತ್ತ ಆ ಹಲಗೆ ವಿಜ್ಞಾನ ಕೋಣೆಯ ಬೀರುವಿನ ಎರಡನೆಯ ತಟ್ಟೆಯಲ್ಲಿದೆ. ಅದರ ಮೇಲೆ ಇನ್ನೂ ಇಪ್ಪತ್ತು ಮೂವತ್ತು ಒಳ್ಳೆಯ ಬಿಲ್ಲೆಗಳುಂಟು. ಕೈಪಳಗಬೇಕೆನ್ನುವವರು ಅದರ ಮೇಲೆ ತಂತಿ ಬೆಸೆದು, ಬಿಡಿಸಿ, ಮತ್ತೆ ಬೆಸೆದು ನೋಡಬಹುದು; ಕಿತ್ತರೂ ಯಾರೂ ಬೈಯುವುದಿಲ್ಲ. ಕಡ್ಡಿ, ರಾಳ, ಭೂತಕನ್ನಡಿ ಅಲ್ಲಿಯೇ ಇವೆ. ಬೀಗದ ಕೈ ನಮ್ಮಲ್ಲಿದೆ, ಶುಕ್ರವಾರ ಶಾಲೆ ಬಿಟ್ಟ ಮೇಲೆ ಕೇಳಿರಿ.